ಗದ್ದೆಯ ಕೋವಿ, ಗೋಡೆಯ ಕೋವಿ

ವಿಷಯ

ಮಲೆನಾಡಿನ ಮನೆಯಲ್ಲಿ ಕೋವಿ ಎಲ್ಲಿದೆ ಎಂದು ನೋಡಿದರೆ ಸಾಕು, ಆ ಮನೆಯವರು ಅದನ್ನು ಏನೆಂದು ತಿಳಿದಿದ್ದಾರೆ ಎಂಬುದು ಗೊತ್ತಾಗುತ್ತದೆ. ಕೆಲವು ಮನೆಗಳಲ್ಲಿ ಅದು ಜಗಲಿಯ ಗೋಡೆಯ ಮೇಲೆ, ಅಜ್ಜನ ಫೋಟೋದ ಪಕ್ಕದಲ್ಲಿ, ಬಂದವರ ಕಣ್ಣಿಗೆ ಮೊದಲು ಬೀಳುವ ಹಾಗೆ ತೂಗಿರುತ್ತದೆ. ಇನ್ನು ಕೆಲವು ಮನೆಗಳಲ್ಲಿ ಒಳಕೋಣೆಯ ಮೂಲೆಯಲ್ಲಿ ಕಂಬಳಿಕೊಪ್ಪೆ, ಬ್ಯಾಟರಿ, ಗಮ್‌ಬೂಟುಗಳ ಜೊತೆ ಅದೂ ಒಂದಾಗಿ ಒರಗಿರುತ್ತದೆ. ಮೊದಲನೆಯದನ್ನು ಗೋಡೆಯ ಕೋವಿ ಎನ್ನೋಣ, ಎರಡನೆಯದನ್ನು ಗದ್ದೆಯ ಕೋವಿ. ಎರಡರದ್ದೂ ಒಂದೇ ಮಾದರಿಯಿರಬಹುದು, ಒಂದೇ ಬಣ್ಣದ ಲೈಸೆನ್ಸ್ ಪುಸ್ತಕವಿರಬಹುದು. ಆದರೂ ಅವು ಎರಡು ಬೇರೆ ವಸ್ತುಗಳು ಎಂಬುದು ಈ ಬರಹದ ವಾದ.

ನಮ್ಮ ಮನೆಯದು ಕೇಪಿನ ಕೋವಿ. ಅದಕ್ಕೆ ಈಡು ತುಂಬುವುದನ್ನು ಚಿಕ್ಕಂದಿನಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅಜ್ಜ ಕೋವಿಯ ಹಿಡಿಯನ್ನು ಪಾದದ ಮೇಲೆ ಊರಿ, ನಳಿಗೆಯ ಬಾಯಿ ಮುಖಕ್ಕೆ ನೇರವಾಗದ ಹಾಗೆ ಓರೆಯಾಗಿ ಹಿಡಿದು, ಅಳತೆಯ ಚಿಪ್ಪಿನಿಂದ ಮದ್ದು ಸುರಿಯುತ್ತಿದ್ದ. ಮೇಲೆ ತೆಂಗಿನ ನಾರಿನ ಉಂಡೆ. ಗಜದಿಂದ ಜಡಿಯುವಾಗ ಮೊದಲು ಮೆತ್ತಗೆ ಕೇಳುತ್ತಿದ್ದ ಸದ್ದು ಕೊನೆಗೆ ಟಣ್ ಎಂದು ಗಜ ಹಿಮ್ಮೆಟ್ಟಿದಾಗ ನಿಲ್ಲುತ್ತಿತ್ತು. ಆಮೇಲೆ ಚರೆ, ಮತ್ತೆ ನಾರು, ಮತ್ತೆ ಗಜ. ಎಲ್ಲ ಮುಗಿದ ಮೇಲೆ, ಗದ್ದೆಯ ಅಂಚಿಗೆ ಹೋದ ಮೇಲಷ್ಟೇ, ಸೊಂಟದ ಚೀಲದಿಂದ ಒಂದು ಕೇಪು ತೆಗೆದು ಕೋವಿಯ ಕಿವಿಗೆ ಇಡುತ್ತಿದ್ದ. ಅಷ್ಟು ಮಾಡಿದರೆ ಒಂದು ಈಡು. ಅದು ತಪ್ಪಿತೆಂದರೆ ಇನ್ನೊಂದು ತುಂಬುವಷ್ಟರಲ್ಲಿ ಹಂದಿ ಹಳ್ಳ ದಾಟಿ ಗುಡ್ಡ ಹತ್ತಿರುತ್ತಿತ್ತು.

ಈ ನಿಧಾನದ ಯಂತ್ರವನ್ನು ನಮ್ಮ ಕಾನೂನು ಹೆಸರು ಹಿಡಿದು ಗುರುತಿಸಿದೆ. 1878ರ ಬ್ರಿಟಿಷ್ ಆಯುಧ ಕಾಯ್ದೆಯ ಜಾಗಕ್ಕೆ ಬಂದದ್ದು 1959ರ ಕಾಯ್ದೆ. ಜಾರಿಯಾದದ್ದು 1962ರ ಅಕ್ಟೋಬರಿನಲ್ಲಿ. ಅದರ 13ನೇ ಕಲಮು, ನಿಜವಾದ ಬೆಳೆ ರಕ್ಷಣೆಗೆಂದು ಬಾಯಿಂದ ಮದ್ದು ತುಂಬುವ ಕೋವಿ ಕೇಳಿದವನಿಗೆ ಲೈಸೆನ್ಸ್ ಕೊಡತಕ್ಕದ್ದು ಎನ್ನುತ್ತದೆ. ಪಿಸ್ತೂಲು ಕೇಳುವವನು ತನಗೆ ಅದು ಯಾಕೆ ಬೇಕೆಂದು ಅಧಿಕಾರಿಯ ಮನವೊಲಿಸಬೇಕು. ಬೆಳೆಗಾರನಿಗೆ ಕಾರಣ ಹುಡುಕುವ ಕಷ್ಟವಿಲ್ಲ, ಕಾರಣ ಗದ್ದೆಯಲ್ಲೇ ನಿಂತಿದೆ. ಮಲೆನಾಡಿನಲ್ಲಿ 'ಬೆಳೆ ರಕ್ಷಣೆ ಕೋವಿ' ಎಂಬ ಮಾತು ಹುಟ್ಟಿದ್ದು ಇಲ್ಲಿಂದ.

ಸಂಶಯ

ಹಾಗಾದರೆ ಕೋವಿ ಏನು? ಆಯುಧವೋ, ಸಲಕರಣೆಯೋ, ಅಂತಸ್ತೋ, ಹಕ್ಕೋ?

ನಮ್ಮ ಭಾಷೆ ಈ ಸಂಶಯವನ್ನು ಬಗೆಹರಿಸದೆ ಹಾಗೇ ಉಳಿಸಿಕೊಂಡಿದೆ. ಬಡಗಿಯ ಉಳಿ, ಬಾಚಿ, ಗರಗಸಕ್ಕೆ ನಾವು ಹತ್ಯಾರು ಎನ್ನುತ್ತೇವೆ. ಅದೇ ಶಬ್ದಕ್ಕೆ ಹಿಂದಿಯವರಲ್ಲಿ ಮೊದಲು ಹೊಳೆಯುವ ಅರ್ಥ ಕತ್ತಿ, ಬಂದೂಕು. ಆಯುಧಪೂಜೆಯ ದಿನ ಗುದ್ದಲಿ, ನೇಗಿಲು, ಟಿಲ್ಲರು, ಬೈಕು, ಕೋವಿ ಎಲ್ಲಕ್ಕೂ ಒಂದೇ ತಟ್ಟೆಯ ಕುಂಕುಮ. ಕತ್ತಿಯನ್ನು ದಾಟಬಾರದು ಎಂದು ಮಕ್ಕಳಿಗೆ ಬೈಯುವ ಅಮ್ಮ ಕೋವಿಯನ್ನೂ ದಾಟಬಾರದು ಎಂದೇ ಬೈಯುತ್ತಾಳೆ, ಬೇರೆ ಸ್ವರದಲ್ಲಿ ಅಲ್ಲ.

ಇಂಥ ಕಡೆ ಮೀಮಾಂಸಕರ ಒಂದು ಹಳೆಯ ಅಳತೆಗೋಲು ಉಪಯೋಗಕ್ಕೆ ಬರುತ್ತದೆ. ಯಜ್ಞದಲ್ಲಿ ನೂರಾರು ವಸ್ತುಗಳು, ಕ್ರಿಯೆಗಳು ಇರುತ್ತವೆ. ಯಾವುದು ಮುಖ್ಯ, ಯಾವುದು ಪೂರಕ? ಮುಖ್ಯವಾದದ್ದು ಅಂಗಿ, ಅದಕ್ಕಾಗಿ ಇರುವುದು ಅಂಗ. ಅಂಗಕ್ಕೆ ಸ್ವಂತ ಫಲವಿಲ್ಲ, ಅಂಗಿಯ ಫಲವೇ ಅದರ ಫಲ. ಭತ್ತ ಕುಟ್ಟುವುದು ಅಕ್ಕಿಗಾಗಿ, ಕುಟ್ಟುವ ಪುಣ್ಯಕ್ಕಾಗಿ ಅಲ್ಲ. ಹಾಗಾಗಿ ಭತ್ತದ ಬದಲು ಚಿನ್ನದ ಕಾಳನ್ನು ಬಳಸುವ ವಿಧಿ ಬಂದಾಗ ಮೀಮಾಂಸಕರು ಕುಟ್ಟುವ ಕೆಲಸವನ್ನೇ ಕೈಬಿಟ್ಟರು: ತೆಗೆಯಲು ಹೊಟ್ಟೇ ಇಲ್ಲದಿದ್ದ ಮೇಲೆ ಒನಕೆ ಎತ್ತುವುದು ಯಾಕೆ?

ಈ ಅಳತೆಗೋಲಿನಲ್ಲಿ ನನ್ನ ಪಕ್ಷ ಇಷ್ಟು: ಹಳ್ಳಿಯ ಕೋವಿ ಬೆಳೆಯ ಅಂಗ. ಬೆಳೆ ಅಂಗಿ. ಎಲ್ಲಿಯವರೆಗೆ ಈ ಸಂಬಂಧ ಉಳಿದಿದೆಯೋ ಅಲ್ಲಿಯವರೆಗೆ ಕೋವಿ ಸಾಧು. ಅಂಗವೇ ಅಂಗಿಯಾಗಿ ಕೂತ ದಿನ ಅದು ಗೋಡೆಯ ಕೋವಿ. ಇದಕ್ಕೆ ಎರಡೂ ಕಡೆಯಿಂದ ಆಕ್ಷೇಪಗಳಿವೆ. ಒಂದೊಂದಾಗಿ ನೋಡೋಣ.

ಮೊದಲ ಪೂರ್ವಪಕ್ಷ: ಕೊಲ್ಲಲೆಂದೇ ಹುಟ್ಟಿದ್ದು

'ಕತ್ತಿಯಿಂದ ಸೊಪ್ಪು ಕಡಿಯಬಹುದು, ಮನುಷ್ಯನನ್ನೂ ಕಡಿಯಬಹುದು. ಕೋವಿಗೆ ಅಂಥ ಇನ್ನೊಂದು ಕೆಲಸವಿಲ್ಲ. ಕೊಲ್ಲುವುದೇ ಅದರ ಸ್ವಭಾವ. ಸ್ವಭಾವವನ್ನು ಬಳಕೆಯಿಂದ ತೊಳೆಯಲಾಗದು.'

ಉತ್ತರ: ಕೋವಿಯ ಜೊತೆ ಬದುಕಿದವರಿಗೆ ಗೊತ್ತು, ಅದು ವರ್ಷದ ಬಹುಪಾಲು ಮಾಡುವ ಕೆಲಸ ಕೊಲ್ಲುವುದಲ್ಲ, ಸದ್ದು ಮಾಡುವುದು. ಅದಕ್ಕಿಂತಲೂ ಹೆಚ್ಚಾಗಿ, ಕಾಣಿಸಿಕೊಳ್ಳುವುದು. ತೋಟಕ್ಕೆ ಬಂದ ಮಂಗಗಳ ಹಿಂಡು ಬರಿಗೈಯ ಹೆಂಗಸನ್ನು ನೋಡಿ ಹಲ್ಲು ಕಿರಿಯುತ್ತದೆ, ಕೋವಿ ಹಿಡಿದವನನ್ನು ನೋಡಿದರೆ ಗುಡ್ಡದ ಕಡೆ ತಿರುಗುತ್ತದೆ. ಹೆಗಲ ಮೇಲೆ ಕೋವಿಯ ಹಾಗೆ ದೊಣ್ಣೆ ಇಟ್ಟುಕೊಂಡು ಹೋದರೂ ಕೆಲವು ದಿನ ಓಡುತ್ತವೆ. 'ಹಾಗಾದರೆ ದೊಣ್ಣೆಯೇ ಸಾಕಲ್ಲ' ಎಂದರೆ, ದೊಣ್ಣೆಗೆ ಆ ಬೆಲೆ ಬಂದದ್ದು ಊರಲ್ಲಿ ಎಲ್ಲೋ ಒಂದು ನಿಜವಾದ ಕೋವಿ ಇರುವುದರಿಂದ. ಅದು ಇಲ್ಲವೆಂದು ಮಂಗಕ್ಕೆ ತಿಳಿಯಲು ಬಹಳ ದಿನ ಬೇಕಾಗುವುದಿಲ್ಲ.

ಆದರೂ ಆಕ್ಷೇಪದಲ್ಲಿ ಸತ್ಯವಿದೆ, ಮತ್ತು ನನ್ನ ಪಕ್ಷ ಅದನ್ನು ಬಳಸಿಕೊಳ್ಳುತ್ತದೆ. ಎಲ್ಲ ಕೋವಿಯೂ ಬೆಳೆಯ ಅಂಗವಾಗಲಾರದು. ಸೊಂಟದಲ್ಲಿ ಅಡಗುವ ರಿವಾಲ್ವರಿಗೆ ಗದ್ದೆಯಲ್ಲಿ ಏನೂ ಕೆಲಸವಿಲ್ಲ. ಅದು ಮನುಷ್ಯನ ಕಡೆಗೇ ಮುಖ ಮಾಡಿರುವ ವಸ್ತು. ಕಾಯ್ದೆ ಬೆಳೆ ರಕ್ಷಣೆಗೆಂದು ಉದ್ದ ನಳಿಗೆಯ, ಒಂದೊಂದೇ ಈಡಿನ, ತುಂಬಲು ತಾಳ್ಮೆ ಬೇಡುವ ಕೋವಿಯನ್ನು ಹೆಸರಿಸಿದ್ದರಲ್ಲಿ ವಿವೇಕವಿದೆ. ಮದ್ದು ಅಳೆದು, ನಾರು ಜಡಿಯುವ ಹೊತ್ತಿಗೆ ಸಿಟ್ಟು ಅರ್ಧ ಇಳಿದಿರುತ್ತದೆ.

ಎರಡನೆಯ ಪೂರ್ವಪಕ್ಷ: ಕೊಲ್ಲುವಂತಿಲ್ಲ, ಮತ್ತೆ ಕೋವಿ ಯಾಕೆ?

'1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಒಂದು ಕಾನೂನು ಹೊಡೆಯಲು ಕೋವಿ ಕೊಡುತ್ತದೆ, ಇನ್ನೊಂದು ಹೊಡೆದರೆ ಜೈಲು ಎನ್ನುತ್ತದೆ. ಫಲವಿಲ್ಲದ ವಿಧಿ ವ್ಯರ್ಥ. ಹಾಗಾಗಿ ಬೆಳೆ ರಕ್ಷಣೆ ಕೋವಿ ಎಂಬುದೇ ಸತ್ತ ಮಾತು.'

ಉತ್ತರ: ಎರಡು ವಿಧಿಗಳು ಡಿಕ್ಕಿ ಹೊಡೆದ ಹಾಗೆ ಕಂಡಾಗ ಒಂದನ್ನು ಕೊಲ್ಲುವ ಮೊದಲು ಎರಡಕ್ಕೂ ಜಾಗವಿದೆಯೇ ಎಂದು ನೋಡಬೇಕು. ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದು, ವಿಷ ಹಾಕುವುದು, ಹಿಡಿಯುವುದು, ಉರುಳು ಒಡ್ಡುವುದು, ಪ್ರಾಣಿಯನ್ನು ಅಟ್ಟುವುದು, ಇವಕ್ಕೆ ಪ್ರಯತ್ನಿಸುವುದು. ಅಟ್ಟುವುದು ಎಂದರೆ ಬೇಟೆಗಾಗಿ ಅಟ್ಟುವುದು ಎಂದು ಓದಿದರೆ, ಗದ್ದೆಯಿಂದ ಕಾಡಿಗೆ ಓಡಿಸಲು ಆಕಾಶಕ್ಕೆ ಹೊಡೆದ ಬರೀ ಮದ್ದಿನ ಈಡು ಇದರಲ್ಲಿ ಯಾವುದೂ ಅಲ್ಲ. ಪ್ರಾಣಕ್ಕೆ ಬಂದಾಗ ಸದ್ಭಾವದಿಂದ ಮಾಡಿದ ಆತ್ಮರಕ್ಷಣೆಯೂ ಅಪರಾಧವಲ್ಲ. ಇನ್ನು ಅದೇ ಕಾಯ್ದೆಯ 11ನೇ ಕಲಮು, ಕೆಲವು ಪ್ರಾಣಿಗಳು ಮನುಷ್ಯನ ಜೀವಕ್ಕಷ್ಟೇ ಅಲ್ಲ, ನಿಂತ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯಕಾರಿಯಾದರೆ ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಮುಖ್ಯ ವನ್ಯಜೀವಿ ಪರಿಪಾಲಕರಿಗೂ ಅವರು ಒಪ್ಪಿಸಿದ ಅಧಿಕಾರಿಗೂ ಕೊಟ್ಟಿದೆ.

ಬಾಗಿಲಿದೆ, ಬೀಗದ ಕೈ ದೂರದಲ್ಲಿದೆ. ಹಂದಿ ಭತ್ತದ ತೆನೆ ಉಜ್ಜುವುದು ರಾತ್ರಿ ಎರಡು ಗಂಟೆಗೆ. ಆನೆ, ಕಾಟಿ, ನವಿಲಿನ ಮಾತು ಬೇರೆ, ಅವಕ್ಕೆ ಕೋವಿ ಎತ್ತುವ ಪ್ರಶ್ನೆಯೇ ಬರಬಾರದು. ಆದರೆ ಕಾಡುಹಂದಿಯ ವಿಷಯದಲ್ಲಿ ನೆರೆಯ ಕೇರಳ 2022ರಲ್ಲಿ ಬೀಗದ ಕೈಯನ್ನು ಹತ್ತಿರ ತಂದಿತು. ಪಂಚಾಯಿತಿ ಅಧ್ಯಕ್ಷರಿಗೇ ಗೌರವ ವನ್ಯಜೀವಿ ಪರಿಪಾಲಕರ ಸ್ಥಾನ ಕೊಟ್ಟು, ಬೆಳೆಗೆ ಬಿದ್ದ ಹಂದಿಯನ್ನು ಲೈಸೆನ್ಸ್ ಇರುವ ಕೋವಿಯವರಿಂದ ಹೊಡೆಸುವ ಅಧಿಕಾರ ನೀಡಿತು. ಅಲ್ಲಿ ಕೋವಿ ಒಬ್ಬನ ಸ್ವತ್ತಾಗಿದ್ದರೂ ಅದರ ಈಡು ಊರಿನ ನಿರ್ಧಾರ. ಎರಡು ಕಾಯ್ದೆಗಳು ಒಂದೇ ಗದ್ದೆಯಲ್ಲಿ ನಿಲ್ಲಬಲ್ಲವು ಎಂಬುದಕ್ಕೆ ಇದು ನಿದರ್ಶನ.

ಮೂರನೆಯ ಪೂರ್ವಪಕ್ಷ: ಬೆಳೆ ನೆಪ, ಬೇಟೆ ನಿಜ

'ಪುಸ್ತಕದಲ್ಲಿ ಬೆಳೆ ರಕ್ಷಣೆ, ರಾತ್ರಿ ತಲೆಗೆ ಬ್ಯಾಟರಿ ಕಟ್ಟಿಕೊಂಡು ಮರಸು. ಮಲೆನಾಡಿನಲ್ಲಿ ಇದು ಯಾರಿಗೆ ಗೊತ್ತಿಲ್ಲ?'

ಉತ್ತರ: ಗೊತ್ತಿದೆ. ಅಲ್ಲಗಳೆದರೆ ಈ ಬರಹವೇ ಸುಳ್ಳಾಗುತ್ತದೆ. ಹಳು ಸೋವುವುದು, ಬಿಲ್ಲಿಗೆ ಕೂರುವುದು, ಪಾಲು ಹಂಚುವುದು ನಮ್ಮ ಹಿರಿಯರ ದಿನಚರಿಯಾಗಿತ್ತು; ಕುವೆಂಪು ಬರೆದ ಮಲೆನಾಡಿನಿಂದ ಬೇಟೆಯನ್ನು ತೆಗೆದರೆ ಅರ್ಧ ಕಾಡೇ ಖಾಲಿ. ಅವರ ಮಗ ತೇಜಸ್ವಿಯವರ ಹೆಗಲಿನಲ್ಲಿ ಕೋವಿಯಿದ್ದ ಜಾಗಕ್ಕೆ ಕ್ಯಾಮೆರಾ ಬಂತು. ಒಂದು ತಲೆಮಾರಿನೊಳಗೆ ಮನಸ್ಸು ಎಷ್ಟು ದೂರ ನಡೆಯಬಲ್ಲದು ಎನ್ನುವುದಕ್ಕೆ ನಮ್ಮಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ. ಎಲ್ಲರೂ ನಡೆಯಲಿಲ್ಲ. ಹಂದಿಯೆಂದು ಪೊದೆಗೆ ಹೊಡೆದ ಈಡು ಜೊತೆಗಾರನಿಗೇ ತಗುಲಿದ ಸುದ್ದಿ ಇಂದಿಗೂ ಬರುತ್ತದೆ. ಗದ್ದೆ ಬಿಟ್ಟು ಕಾಡೊಳಗೆ ಕಾಲಿಟ್ಟ ಕೋವಿ ಅಂಗಿಯನ್ನು ಬಿಟ್ಟ ಅಂಗ. ಅದಕ್ಕೆ ನನ್ನ ಪಕ್ಷದಲ್ಲಿ ರಕ್ಷಣೆಯಿಲ್ಲ. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗಿನ ಕೋವಿಗಳನ್ನು ಅರಣ್ಯ ಇಲಾಖೆಯಲ್ಲೂ ನೋಂದಾಯಿಸಬೇಕು, ಹೊಸ ಲೈಸೆನ್ಸಿಗೆ ಅವರ ಒಪ್ಪಿಗೆ ಬೇಕು ಎಂಬ ನಿಯಮವನ್ನು ಅನೇಕರು ಕಿರುಕುಳ ಎನ್ನುತ್ತಾರೆ. ನಾನು ಅನ್ನಲಾರೆ.

ಆದರೆ ಆಕ್ಷೇಪ ಹೇಳದೆ ಬಿಟ್ಟ ಇನ್ನೊಂದು ಅರ್ಧವಿದೆ. ಕೋವಿಯನ್ನು ತೆಗೆದುಬಿಟ್ಟರೆ ಆ ಜಾಗ ಖಾಲಿ ಉಳಿಯುವುದಿಲ್ಲ. ಅಲ್ಲಿಗೆ ಉರುಳು ಬರುತ್ತದೆ, ಸಿಡಿಮದ್ದಿನ ಉಂಡೆ ಬರುತ್ತದೆ, ಮನೆಯ ಕರೆಂಟಿನಿಂದ ನೇರವಾಗಿ ಎಳೆದ ತಂತಿ ಬರುತ್ತದೆ. ಹಂದಿಗೆಂದು ಒಡ್ಡಿದ ಬೈಕಿನ ಬ್ರೇಕ್ ತಂತಿಯ ಉರುಳಿಗೆ ಚಿರತೆ ಬೀಳುತ್ತದೆ. ಹಂದಿಗೆಂದು ಇಟ್ಟ ಸಿಡಿಮದ್ದನ್ನು ಕಚ್ಚಿ ಬಾಯಿ ಛಿದ್ರವಾದ ಗಬ್ಬದ ಆನೆ 2020ರ ಮೇ ತಿಂಗಳಲ್ಲಿ ಪಾಲಕ್ಕಾಡು ಜಿಲ್ಲೆಯಲ್ಲಿ ನದಿಯ ನೀರಲ್ಲಿ ನಿಂತೇ ಸತ್ತಿತು. ಕೋವಿಗೆ ಒಂದು ಕಣ್ಣು, ಒಂದು ಬೆರಳು, ಒಂದು ನಂಬರು, ಒಬ್ಬ ಜವಾಬ್ದಾರ ಬೇಕು. ಉರುಳಿಗೆ ಇದೇನೂ ಬೇಡ. ಒಡ್ಡಿದವನು ನಿದ್ದೆ ಮಾಡುತ್ತಿರುವಾಗ ಬಂದದ್ದು ಏನೆಂದು ನೋಡದೆ ಕೊಲ್ಲುತ್ತದೆ. ಹೆಸರಿರುವ ಆಯುಧವನ್ನು ಕಿತ್ತುಕೊಂಡು ಹೆಸರಿಲ್ಲದ ಆಯುಧಕ್ಕೆ ದಾರಿ ಮಾಡಿಕೊಡುವುದು ಅಹಿಂಸೆಯಲ್ಲ.

ನಾಲ್ಕನೆಯ ಪೂರ್ವಪಕ್ಷ: ಬೇಲಿ ಹಾಕಿ, ಕೋವಿ ಬಿಡಿ

ಇದಕ್ಕೆ ಉದ್ದದ ಉತ್ತರ ಬೇಡ. ಸೋಲಾರ್ ಬೇಲಿ ಒಳ್ಳೆಯದು, ಕೊಳ್ಳುವ ಶಕ್ತಿಯಿದ್ದವರಿಗೆ, ಅದೂ ಹಂದಿಯ ಮಟ್ಟಿಗೆ. ಮರದಿಂದ ಮರಕ್ಕೆ ಹಾರುವ ಮಂಗಕ್ಕೆ ಬೇಲಿಯೇ ದಾರಿ. ಗರ್ನಾಲು, ಪೈಪಿನ ಕಾರ್ಬೈಡ್ ಕೋವಿ, ಬಟ್ಟೆಯ ಹುಲಿ ಎಲ್ಲ ಆಗಿದೆ. ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿ ಕಡೆಯ ರೈತರೊಬ್ಬರು ಸಾಕಿದ ನಾಯಿಗೇ ಹುಲಿಯ ಪಟ್ಟೆ ಬಳಿದು ತೋಟಕ್ಕೆ ಬಿಟ್ಟದ್ದು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ನಗುವವರು ನಕ್ಕರು, ನಮಗೆ ಅದರಲ್ಲಿ ಆ ಮನುಷ್ಯನ ಹತಾಶೆ ಕಂಡಿತು. ಈ ಉಪಾಯಗಳಲ್ಲಿ ಯಾವುದಾದರೂ ನಿಜಕ್ಕೂ ಬೆಳೆ ಕಾದರೆ ಕೋವಿ ತಾನಾಗಿಯೇ ಬಿಡುವು ಪಡೆಯುತ್ತದೆ. ಅಂಗಕ್ಕೆ ಸ್ವಂತ ಹಟವಿಲ್ಲ, ಇರಬಾರದು.

ಐದನೆಯ ಪೂರ್ವಪಕ್ಷ: ಇದು ಹಕ್ಕು, ಕಾರಣ ಕೇಳಬೇಡಿ

ಈವರೆಗಿನ ಆಕ್ಷೇಪಗಳು ಕೋವಿ ಬೇಡ ಎನ್ನುವವರದು. ಇದು ಎದುರು ದಡದವರದು. 'ಕೋವಿಗೆ ಬೆಳೆಯ ನೆಪ ಯಾಕೆ? ಅಮೆರಿಕದವರಿಗೆ 1791ರಿಂದ ಸಂವಿಧಾನದಲ್ಲೇ ಬರೆದುಕೊಟ್ಟಿದ್ದಾರೆ. ಅಷ್ಟು ದೂರ ಬೇಡ, ಕೊಡಗಿಗೆ ಹೋಗಿ ನೋಡಿ. ಅಲ್ಲಿ ಲೈಸೆನ್ಸೇ ಬೇಡ. ಕೋವಿ ಕುಲದ ಗೌರವ, ಗೌರವಕ್ಕೆ ಯಾರ ಅಪ್ಪಣೆಯೂ ಬೇಡ.'

ಉತ್ತರ: ಅಮೆರಿಕವನ್ನು ಅಲ್ಲೇ ಬಿಡೋಣ. ನಮ್ಮ ಸಂವಿಧಾನ ಸಭೆ ಸೇರುವ ಸ್ವಾತಂತ್ರ್ಯ ಕೊಡುವಾಗಲೇ ಶಾಂತವಾಗಿ, ನಿರಾಯುಧರಾಗಿ ಎಂಬ ಷರತ್ತನ್ನು ಸೇರಿಸಿದೆ. ನಮ್ಮ ಗಣರಾಜ್ಯ ಹಿಡಿದ ದಾರಿ ಬೇರೆ. ಕೊಡಗಿನ ಮಾತು ಮಾತ್ರ ನಿಂತು ನೋಡಬೇಕಾದದ್ದು.

1857ರ ದಂಗೆಯ ನಂತರ ದೇಶವನ್ನೆಲ್ಲ ನಿರಾಯುಧಗೊಳಿಸಲು ಹೊರಟ ಬ್ರಿಟಿಷರು ಕೊಡವರನ್ನು ಅದರಿಂದ ಬಿಟ್ಟರು. 1861ರಲ್ಲಿ ಆ ವಿನಾಯಿತಿ ಹೊರಡಿಸಿದ್ದು ಮೈಸೂರು, ಕೊಡಗುಗಳ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್. ಸ್ವತಂತ್ರ ಭಾರತವೂ ಅದನ್ನು ಮುಂದುವರಿಸಿತು. ಕೊಡವ ಕುಲದವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಆಯುಧ ಕಾಯ್ದೆಯ ಲೈಸೆನ್ಸ್ ಕಲಮುಗಳು ಅನ್ವಯಿಸುವುದಿಲ್ಲ. 2019ರ ಅಕ್ಟೋಬರಿನ ಕೇಂದ್ರದ ಅಧಿಸೂಚನೆ ಇದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿದೆ. ಸಮಾನತೆಗೆ ವಿರುದ್ಧವೆಂದು ಪ್ರಶ್ನಿಸಿದ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ 2021ರಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು.

ಇಷ್ಟನ್ನು ನೋಡಿ 'ನೋಡಿ, ಹಕ್ಕು' ಎನ್ನುವವರು ಕೊಡಗಿನ ಪದ್ಧತಿಯನ್ನು ಅರ್ಧ ಮಾತ್ರ ನೋಡಿದ್ದಾರೆ. ಕೈಲ್‌ಪೊಳ್ದ್ ಆಯುಧಗಳ ಹಬ್ಬ. ಅದು ಬರುವುದು ಯಾವಾಗ? ಸೆಪ್ಟೆಂಬರ್ ಮೊದಲ ವಾರ, ನಾಟಿ ಮುಗಿದ ಮೇಲೆ. ಕೆಸರಿನ ಕೆಲಸದ ತಿಂಗಳುಗಳಲ್ಲಿ ತೋಕ್, ಅಂದರೆ ಕೋವಿ, ಕನ್ನಿಕೋಂಬರೆಯಲ್ಲಿ, ದೇವರ ಕೋಣೆಯಲ್ಲಿ ಕೂರುತ್ತದೆ. ನಾಟಿ ಮುಗಿದು ಇನ್ನು ಪೈರು ಕಾಯಬೇಕು ಎಂದಾಗ ಅದನ್ನು ತೆಗೆದು, ಒರೆಸಿ, ತೋಕ್‌ಪೂ ಎಂಬ ಕೆಂಪು ಹಳದಿಯ ಹೂವನ್ನು ನಳಿಗೆಗೆ ಸಿಕ್ಕಿಸಿ ಪೂಜಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿ. ಗಂಡಸರು, ಹೆಂಗಸರು ಇಬ್ಬರೂ. ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಮೊದಲ ಕದಿರು ಕೊಯ್ಯುವಾಗ ಒಂದು ಈಡು. ನಾಟಿಯಿಂದ ಕೊಯ್ಲಿನವರೆಗೆ ಕೋವಿಯ ಪಂಚಾಂಗವೂ ಭತ್ತದ ಪಂಚಾಂಗವೂ ಒಂದೇ. ಅಂಗಾಂಗಿ ಭಾವಕ್ಕೆ ಇದಕ್ಕಿಂತ ಸ್ಪಷ್ಟವಾದ ಆಚರಣೆಯನ್ನು ನಾನು ಕಂಡಿಲ್ಲ.

'ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಎಂಬ ಪದ್ಧತಿಯಿದೆಯಲ್ಲ, ಅದರಲ್ಲಿ ಭತ್ತವೆಲ್ಲಿ?' ಎಂದು ಕೇಳಬಹುದು. ಅಲ್ಲಿ ಈಡು ಸುದ್ದಿ. ಮನೆಯಿಂದ ಮನೆಗೆ ಗುಡ್ಡ ಅಡ್ಡವಿರುವ ನಾಡಿನಲ್ಲಿ ಸದ್ದೇ ಓಲೆ. ಎಣಿಕೆಯಿದೆ, ಅರ್ಥವಿದೆ, ಕೇಳಿದವರು ಬರುತ್ತಾರೆ. ಇದನ್ನು ಉತ್ತರ ಭಾರತದ ಮದುವೆ ಮೆರವಣಿಗೆಯಲ್ಲಿ ಕುಡಿದವನು ಆಕಾಶಕ್ಕೆ ಹಾರಿಸುವ ಗುಂಡಿನ ಪಕ್ಕಕ್ಕಿಟ್ಟು ನೋಡಿ. ಅದರಲ್ಲಿ ಹಾರಿಸಿದವನ ಮೀಸೆ ಬಿಟ್ಟು ಬೇರೆ ಸುದ್ದಿಯಿಲ್ಲ. 2019ರ ತಿದ್ದುಪಡಿ ಇಂಥ ಸಂಭ್ರಮದ ಗುಂಡಿಗೆ ಎರಡು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ಇಟ್ಟಿತು. ಅದೇ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಗೋಡೆಗೆ ಮೂರು ಬೇಕಾಗಬಹುದು. ಗದ್ದೆಗೆ ಒಂದು ಸಾಕು.

ಹಾಗೆಂದು ಕೊಡಗಿಗೂ ನನ್ನ ಪಕ್ಷ ಪೂರ್ತಿ ಹಿತವಲ್ಲ. ಗದ್ದೆಗಳು ಪಾಳು ಬಿದ್ದು, ಕಾಫಿ ತೋಟದೊಳಗೆ ಹೋಮ್‌ಸ್ಟೇ ಎದ್ದು, ಕೈಲ್‌ಪೊಳ್ದ್ ಬರೀ ಫೋಟೋದ ಹಬ್ಬವಾದರೆ ವಿನಾಯಿತಿಯ ಕಾಗದ ಉಳಿದೀತು, ಅರ್ಥ ಉಳಿಯುವುದಿಲ್ಲ.

ಆರನೆಯ ಪೂರ್ವಪಕ್ಷ: ಕೋವಿ ಧಣಿಯದು

'ನಿಮ್ಮ ಗದ್ದೆಯ ಕೋವಿ ಯಾರ ಕೈಯಲ್ಲಿತ್ತು? ಹಳು ಸೋವಲು ಆಳುಗಳು, ಈಡು ಹೊಡೆಯಲು ಹೆಗ್ಗಡೆ. ರಾತ್ರಿ ಮಾಳದಲ್ಲಿ ಕೂತು ತಗಡು ಬಡಿದು ಬೆಳೆ ಕಾದವನಿಗೆ ಕೋವಿ ಸಿಗಲಿಲ್ಲ. ಕೋವಿ ಹಂದಿಯನ್ನಷ್ಟೇ ಅಲ್ಲ, ಕೇರಿಯನ್ನೂ ಹೆದರಿಸುತ್ತಿತ್ತು.'

ಉತ್ತರ: ಎಲ್ಲ ಆಕ್ಷೇಪಗಳಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಇದೇ. ಇದಕ್ಕೆ ಸಮರ್ಥನೆಯಿಲ್ಲ, ತಿದ್ದುಪಡಿ ಮಾತ್ರ ಇದೆ. 1974ರ ಭೂಸುಧಾರಣೆಯಿಂದ ಕರ್ನಾಟಕದಲ್ಲಿ ಗೇಣಿದಾರ ಗದ್ದೆಯ ಒಡೆಯನಾದ. ಗದ್ದೆ ಹೋಯಿತು, ಕೋವಿ ಧಣಿಯ ಮನೆಯಲ್ಲೇ ಉಳಿಯಿತು. ಹಂದಿ ಕಾಯಬೇಕಾದವನು ಒಬ್ಬ, ಕೋವಿ ಒರೆಸುವವನು ಇನ್ನೊಬ್ಬ. ಈಗಿನ ನಿಯಮಗಳೂ ಇದನ್ನೇ ಮುಂದುವರಿಸುತ್ತವೆ. ಲೈಸೆನ್ಸ್‌ದಾರ ತೀರಿಕೊಂಡರೆ, ಅಥವಾ 70 ವರ್ಷ ದಾಟಿದರೆ, ಅಥವಾ 25 ವರ್ಷ ಕೋವಿ ಇಟ್ಟುಕೊಂಡಿದ್ದರೆ, 2016ರ ಆಯುಧ ನಿಯಮಗಳ ಪ್ರಕಾರ ಅದು ಕಾನೂನುಬದ್ಧ ವಾರಸುದಾರನಿಗೆ ವರ್ಗವಾಗಬಹುದು. ಅಂದರೆ ಕೋವಿ ರಕ್ತದ ಹಿಂದೆ ಹೋಗುತ್ತದೆ, ಗದ್ದೆಯ ಹಿಂದೆ ಅಲ್ಲ. ಬೆಂಗಳೂರಿನ ಫ್ಲಾಟಿನಲ್ಲಿರುವ ಮಗನಿಗೆ ಅಪ್ಪನ ಕೋವಿ ಸಿಗುವುದು ಸುಲಭ. ಪಕ್ಕದ ಗದ್ದೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡು ಒಬ್ಬಳೇ ಸಾಗು ಮಾಡುವ ಹೆಂಗಸು ಹೊಸ ಲೈಸೆನ್ಸಿಗೆ ಅಲೆದೂ ಅಲೆದೂ ಸುಸ್ತಾಗುತ್ತಾಳೆ. ಕೋವಿ ಬೆಳೆಯ ಅಂಗ ಎಂದು ಒಪ್ಪಿದರೆ ಪಹಣಿ ಯಾರ ಕಡೆಗೋ ಅರ್ಹತೆಯೂ ಅವರ ಕಡೆಗೆ. ಜಾತಿ, ಮೀಸೆ, ಅಜ್ಜನ ಫೋಟೋ ಯಾವುದೂ ಲೆಕ್ಕಕ್ಕಿಲ್ಲ.

ಏಳನೆಯ ಪೂರ್ವಪಕ್ಷ: ಹಂದಿ ಹೊರಗೆ, ಅಪಾಯ ಒಳಗೆ

'ಗಂಡ ಹೆಂಡಿರ ಜಗಳ, ಕುಡಿತ, ಸಾಲ, ಬೇಸರ. ಕೋವಿ ಮೂಲೆಯಲ್ಲೇ ಇದೆ. ಗದ್ದೆ ಕಾಯುವ ಈಡು ಒಂದು ದಿನ ಮನೆಯೊಳಗೇ ಸಿಡಿಯುತ್ತದೆ.'

ಉತ್ತರ: ಸಿಡಿದದ್ದನ್ನು ಕೇಳಿದ್ದೇನೆ, ನಮ್ಮ ಕಡೆ ಕೇಳದವರಿಲ್ಲ. ಇದಕ್ಕೆ ತರ್ಕದಿಂದ ಉತ್ತರವಿಲ್ಲ, ಎಚ್ಚರದಿಂದ ಮಾತ್ರ ಉಂಟು. ಲೈಸೆನ್ಸಿಗೆ ದೇಹ ಮನಸ್ಸು ಎರಡರದ್ದೂ ವೈದ್ಯಕೀಯ ಪ್ರಮಾಣಪತ್ರ ಬೇಕು ಎನ್ನುತ್ತದೆ ನಿಯಮ. ಅದು ಸಹಿ ಹಾಕಿ ಮುಗಿಸುವ ಕಾಗದವಾಗಬಾರದು. ಅಜ್ಜ ಕೋವಿಯನ್ನು ಒಳಕೋಣೆಯಲ್ಲಿ ಇಡುತ್ತಿದ್ದ, ಕೇಪಿನ ಡಬ್ಬಿಯನ್ನು ಅಜ್ಜಿಯ ಕೈಗೆ ಕೊಡುತ್ತಿದ್ದ. ಅಜ್ಜಿ ಅದನ್ನು ಎಲ್ಲಿಡುತ್ತಾಳೆಂದು ಅವನಿಗೂ ಗೊತ್ತಿರಲಿಲ್ಲ. ಕೇಳಬೇಕಾಗಿತ್ತು. ಕೇಳಿದಾಗ 'ಯಾಕೆ' ಎನ್ನುತ್ತಿದ್ದಳು. ಹಂದಿ ಬಂದಿದೆ ಎಂಬ ಉತ್ತರಕ್ಕೆ ಮಾತ್ರ ಡಬ್ಬಿ ಹೊರಬರುತ್ತಿತ್ತು. ಯಾವ ಕಾಯ್ದೆಯೂ ಇದಕ್ಕಿಂತ ಒಳ್ಳೆಯ ಪರಿಶೀಲನೆಯನ್ನು ಬರೆದಿಲ್ಲ: ಕೋವಿಯ ಎರಡು ಅರ್ಧಗಳು ಎರಡು ಕೈಯಲ್ಲಿರಬೇಕು, ನಡುವೆ ಒಂದು ಪ್ರಶ್ನೆ ಇರಬೇಕು. ಅಂಥ ಪ್ರಶ್ನೆ ಕೇಳುವವರಿಲ್ಲದ, ಅಥವಾ ಕೇಳಲು ಹೆದರುವ ಮನೆಯಲ್ಲಿ, ಬೆಳೆ ಎಷ್ಟೇ ಹಾಳಾಗಲಿ, ಕೋವಿ ಇರಬಾರದು. ಬೆಳೆ ಅಂಗಿ ನಿಜ, ಆದರೆ ಬೆಳೆಯೂ ಮನೆಮಂದಿಗಾಗಿ ಅಲ್ಲವೇ.

ಸಿದ್ಧಾಂತ

ಇಷ್ಟು ಆಕ್ಷೇಪಗಳನ್ನು ದಾಟಿ ಉಳಿದದ್ದು ಏನು? ಕೋವಿ ಸ್ವತಃ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ ಎಂಬ ಜಾರುವ ಮಾತನ್ನು ನಾನು ಹೇಳುತ್ತಿಲ್ಲ. ಸ್ವತಃ ಕೋವಿಗೆ ನಿಲ್ಲಲು ನೆಲವೇ ಇಲ್ಲ ಎನ್ನುತ್ತಿದ್ದೇನೆ. ಅದರ ನೆಲ ಗದ್ದೆ. ಬೆಳೆಯಿದ್ದರೆ ಕೋವಿ, ಬೆಳೆಯಿರುವಷ್ಟು ದಿನ ಕೋವಿ, ಬೆಳೆಗೆ ತಕ್ಕಂಥ ಕೋವಿ, ಬೆಳೆಯುವವರ ಕೈಯಲ್ಲಿ ಕೋವಿ.

ಇದರಿಂದ ಸರ್ಕಾರಕ್ಕೂ ಒಂದು ಮಾತು ಹೊರಡುತ್ತದೆ. ಚುನಾವಣೆ ಬಂತೆಂದರೆ ನಮ್ಮಲ್ಲಿ ಕೋವಿ ಡಿಪಾಸಿಟ್ ಮಾಡಬೇಕು. 2018ರಲ್ಲೂ 2023ರಲ್ಲೂ ವಿಧಾನಸಭೆಗೆ ಮತದಾನ ನಡೆದದ್ದು ಮೇ ತಿಂಗಳಲ್ಲಿ, ಮಂಗಗಳು ಎಳೆ ಅಡಿಕೆ ಸುಲಿದು ರಸ ಹೀರುವ ಕಾಲದಲ್ಲಿ. ಠಾಣೆಯ ಜಗಲಿಯಲ್ಲಿ ಸಾಲು ನಿಲ್ಲುವುದನ್ನು ನೋಡಬೇಕು. ಒಬ್ಬನದು ಗೋಣಿಯಲ್ಲಿ ಸುತ್ತಿದ್ದು, ಒಬ್ಬನದು ಹೆಂಡತಿಯ ಹಳೆಯ ಸೀರೆಯಲ್ಲಿ, ಇನ್ನೊಬ್ಬನದು ಮೊಮ್ಮಗನ ಕ್ರಿಕೆಟ್ ಬ್ಯಾಟಿನ ಚೀಲದಲ್ಲಿ, ಅರ್ಧ ಹೊರಗೆ. ಕೋವಿಯ ಕುತ್ತಿಗೆಗೆ ರಟ್ಟಿನ ಚೀಟಿ ಕಟ್ಟಿ, ರಶೀದಿ ಮಡಚಿ ಜೇಬಿಗಿಟ್ಟು ಬರುವಾಗ ಎಲ್ಲರೂ ಕೇಳುವುದು ಒಂದೇ: 'ಎಣ್ಣೆ ಹಚ್ಚಿಯೇ ಇಟ್ಟಿದ್ದೇನೆ, ತುಕ್ಕು ಬರದ ಹಾಗೆ ನೋಡ್ಕೊಳ್ತೀರಲ್ಲ?' ಚುನಾವಣಾ ಆಯೋಗದ ಸೂಚನೆಯಂತೆ ಜಿಲ್ಲೆಗೊಂದು ಪರಿಶೀಲನಾ ಸಮಿತಿ ಯಾರ ಕೋವಿ ಅಪಾಯಕಾರಿ ಎಂದು ಒಬ್ಬೊಬ್ಬರನ್ನೇ ನೋಡಿ ನಿರ್ಧರಿಸಬೇಕು. ಎಲ್ಲರದ್ದನ್ನೂ ಒಟ್ಟಿಗೆ ತರಿಸಿಕೊಳ್ಳುವುದು ಸುಲಭ, ಅದಕ್ಕೇ ಹಾಗೆ ನಡೆಯುತ್ತದೆ. ಗದ್ದೆಯ ಕೋವಿಯನ್ನೂ ಗೋಡೆಯ ಕೋವಿಯನ್ನೂ ಬೇರೆ ಮಾಡಿ ನೋಡಲು ತಿಳಿಯದ ಆಡಳಿತ ಬೆಳೆಗಾರನನ್ನು ಪುಂಡನ ಸಾಲಿನಲ್ಲಿ ನಿಲ್ಲಿಸುತ್ತದೆ.

ಆದರೆ ಆ ಬೇರ್ಪಡಿಸುವ ಕಣ್ಣು ನಮ್ಮಲ್ಲೂ ಇರಬೇಕಲ್ಲ.

ಪ್ರಯೋಜನ

ಸಿದ್ಧಾಂತ ಹೇಳಿದವನೇ ಅದಕ್ಕೆ ಮೊದಲ ಪರೀಕ್ಷೆ. ಅಜ್ಜ ಹೋದ ಮೇಲೆ ಕೋವಿ ಅಪ್ಪನ ಹೆಸರಿಗೆ ಬಂತು, ಅಪ್ಪನ ನಂತರ ನನ್ನ ಹೆಸರಿಗೆ. ಅಷ್ಟರಲ್ಲಿ ಕೆಳಗಿನ ಗದ್ದೆ ಬಿತ್ತುವವರಿಲ್ಲದೆ ಹುಲ್ಲಾಗಿತ್ತು. ಮೇಲಿನ ಅಡಿಕೆ ತೋಟವನ್ನು ಪಕ್ಕದ ಮನೆಯವರಿಗೆ ಕೊಟ್ಟೆ. ಮಂಗ ಓಡಿಸುವ ಪಾಡು ಈಗ ಅವರದು. ನಾನು ಪೇಟೆಯಲ್ಲಿ. ಕೋವಿ ಮಾತ್ರ ನನ್ನದು, ಎಣ್ಣೆ ಹಚ್ಚಿಸಿಕೊಂಡು, ಫೋಟೋದ ಪಕ್ಕದಲ್ಲಿ. ಒಳಕೋಣೆಯಿಂದ ಜಗಲಿಯ ಗೋಡೆಗೆ ಅದನ್ನು ಯಾವಾಗ ತಂದೆ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ನನ್ನೊಳಗಿನ ಪೂರ್ವಪಕ್ಷಿ ಸುಮ್ಮನಿರಲಿಲ್ಲ. ಅಜ್ಜನ ನೆನಪು ಎಂದ, ಇನ್ನೊಂದು ದಿನ ಗದ್ದೆ ಮಾಡಿದರೆ ಎಂದ, ಕೊಟ್ಟರೆ ಮತ್ತೆ ಸಿಗುವುದಿಲ್ಲ ಎಂದ. ಮೂರೂ ನಿಜ. ಆದರೆ ಹೊಟ್ಟಿಲ್ಲದ ಚಿನ್ನದ ಕಾಳನ್ನು ಯಾರೂ ಕುಟ್ಟುವುದಿಲ್ಲ.

ಈ ಸಲ ರಿನ್ಯೂವಲ್ ಅರ್ಜಿ ಹಾಕಲಿಲ್ಲ. ಹಳೆಯ ಪಂಚೆಯಲ್ಲಿ ಸುತ್ತಿ ಠಾಣೆಗೆ ಒಯ್ದೆ. ಜಗಲಿಯಲ್ಲಿ ಸಾಲಿರಲಿಲ್ಲ. ಮೇಜಿನ ಹಿಂದಿದ್ದ ಹುಡುಗ ಪಂಚೆ ಬಿಚ್ಚಿ, ನಳಿಗೆಯ ಮೇಲಿನ ನಂಬರು ಓದಿ, ತಲೆಯೆತ್ತಿ ಕೇಳಿದ:

'ಈಗ ಯಾವ ಎಲೆಕ್ಷನ್ ಸಾರ್?'